ದಮ್ಮು ಅಳೆದಾಯಿತು, ಮುಂದೇನು? ಪ್ರೌಢಶಾಲೆಯ ಫಿಟ್ನೆಸ್ ಪರೀಕ್ಷೆಯ ಸುತ್ತಮುತ್ತ

2025ರ ಜುಲೈ ತಿಂಗಳು. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿತ್ತು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯುತ್ತಲೇ ಇತ್ತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲೆಕ್ಕ ನೋಡಿ, ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ ಎಂದಿತು. ಆದರೂ ಜನರ ಭಯ ಇಳಿಯಲಿಲ್ಲ. ಅದೇ ಹೊತ್ತಿಗೆ, 15 ವರ್ಷದ ಆಸುಪಾಸಿನ ಶಾಲಾ ಮಕ್ಕಳಿಗೂ ಹೃದಯ ತಪಾಸಣೆ ಮಾಡಿಸುವ ಮಾತನ್ನು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆಡಿದರು.

ತಿಂಗಳ ಕೊನೆಯ ದಿನ, ಜುಲೈ 31ರಂದು, ಅತ್ತ ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಒಬಾಮ ಕಾಲದಲ್ಲಿ ಕೈಬಿಟ್ಟಿದ್ದ ‘ಅಧ್ಯಕ್ಷರ ಫಿಟ್ನೆಸ್ ಪರೀಕ್ಷೆ’ ಮತ್ತೆ ಶಾಲೆಗಳಿಗೆ ಬರಬೇಕು ಎಂಬುದು ಅದರ ಸಾರ. ಇತ್ತ ನಮ್ಮ ಶಾಲೆಗಳಲ್ಲಿ ಖೇಲೋ ಇಂಡಿಯಾ ಆ್ಯಪ್‌ಗೆ ಮಕ್ಕಳ ಓಟದ ಸಮಯ, ಪುಷ್ ಅಪ್ ಎಣಿಕೆ, ಎತ್ತರ, ತೂಕ ತುಂಬುವ ಕೆಲಸ 2019ರಿಂದಲೇ ಶುರುವಾಗಿದೆ.

ಇವೆಲ್ಲ ಒಟ್ಟಿಗೆ ಕಿವಿಗೆ ಬಿದ್ದಾಗ ಪಾಲಕರಿಗೆ ಗೊಂದಲ ಆಗುವುದು ಸಹಜ. ಮಗ 600 ಮೀಟರ್ ಓಟದಲ್ಲಿ ಹಿಂದೆ ಬಿದ್ದರೆ ಹೃದಯದ ತೊಂದರೆಯೇ? ಮಗಳಿಗೆ ಒಳ್ಳೆಯ ಅಂಕ ಬಂದರೆ ಚಿಂತೆ ಬಿಡಬಹುದೇ? ಈ ಅಂಕ ಎಸ್ಸೆಸ್ಸೆಲ್ಸಿಗೆ ಸೇರುತ್ತದಾ?

ಮೂರು ಬೇರೆ ಬೇರೆ ಕೆಲಸ

ಗೊಂದಲದ ಬೇರು ಇರುವುದು ಇಲ್ಲಿ. ಹೃದಯ ತಪಾಸಣೆ, ಫಿಟ್ನೆಸ್ ಪರೀಕ್ಷೆ, ಕ್ರೀಡಾ ಪ್ರತಿಭೆಯ ಹುಡುಕಾಟ. ಮೂರೂ ನಡೆಯುವುದು ಅದೇ ಮಕ್ಕಳ ಮೇಲೆ. ಕೆಲವೊಮ್ಮೆ ಅದೇ ಮೈದಾನದಲ್ಲಿ. ಆದರೆ ಮೂರೂ ಕೇಳುವ ಪ್ರಶ್ನೆ ಬೇರೆ.

ಹೃದಯ ತಪಾಸಣೆ ಕಾಯಿಲೆಯನ್ನು ಹುಡುಕುತ್ತದೆ. ಹುಟ್ಟಿನಿಂದ ಬಂದ ದೋಷದಿಂದ ಹೃದಯದ ಸ್ನಾಯು ದಪ್ಪವಾಗಿರಬಹುದು, ಬಡಿತದ ವಿದ್ಯುತ್ ಲಯದಲ್ಲಿ ದೋಷ ಇರಬಹುದು. ಇಂಥವು ಚುರುಕಾಗಿ ಓಡುವ ಮಗುವಿನಲ್ಲೂ ಇರುತ್ತವೆ. ಅದನ್ನು ಇಸಿಜಿ, ಎಕೋ ನೋಡಿ ಡಾಕ್ಟರು ಹೇಳಬೇಕೇ ಹೊರತು ಸ್ಟಾಪ್‌ವಾಚ್ ಹೇಳುವುದಿಲ್ಲ. 2021ರಲ್ಲಿ 46ರ ವಯಸ್ಸಿಗೇ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಿನಿಂದ ‘ಅಷ್ಟು ಫಿಟ್ ಇದ್ದವರಿಗೇ ಹೀಗಾದರೆ’ ಎಂಬ ಮಾತು ನಮ್ಮಲ್ಲಿ ನಿಂತೇ ಇಲ್ಲ. ಫಿಟ್ನೆಸ್ಸು ಹೃದ್ರೋಗದ ಸಂಭವವನ್ನು ಕಡಿಮೆ ಮಾಡುತ್ತದೆ, ಪೂರ್ತಿ ಅಳಿಸುವುದಿಲ್ಲ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ಪ್ರತಿಭೆಯ ಹುಡುಕಾಟಕ್ಕೆ ಬೇಕಾಗಿರುವುದು ಮೇಲಿನ ಕೆಲವೇ ಮಕ್ಕಳು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಜರಡಿ ಹಿಡಿಯುತ್ತಾ ಹೋಗುವುದು ಅದರ ಕ್ರಮ. ಉಳಿದವರು ಚಪ್ಪಾಳೆ ತಟ್ಟಲು ಕೂರುತ್ತಾರೆ.

ಆರೋಗ್ಯದ ಫಿಟ್ನೆಸ್ ಪರೀಕ್ಷೆ ಸರಿಯಾಗಿ ಇದರ ಉಲ್ಟಾ. ಅದು ನೋಡಬೇಕಾದ್ದು ಚಪ್ಪಾಳೆ ತಟ್ಟುತ್ತಾ ಕೂತವರನ್ನು. ಗೆದ್ದವರ ಬಗ್ಗೆ ಅದಕ್ಕೆ ಹೆಚ್ಚೇನೂ ಕೆಲಸವಿಲ್ಲ.

ಆರೋಗ್ಯಕ್ಕೆ ಬೇಕಾದ ಫಿಟ್ನೆಸ್ ಯಾವುದು?

1985ರಲ್ಲಿ ಕಾಸ್ಪರ್ಸನ್ ಎಂಬ ಸಂಶೋಧಕರು ಮತ್ತು ಇಬ್ಬರು ಸಹೋದ್ಯೋಗಿಗಳು ಅಮೆರಿಕದಲ್ಲಿ ಒಂದು ವಿಂಗಡಣೆ ಮಾಡಿದರು. ಇವತ್ತಿಗೂ ಎಲ್ಲರೂ ಅದನ್ನೇ ಬಳಸುತ್ತಾರೆ. ಆರೋಗ್ಯಕ್ಕೆ ಸಂಬಂಧಪಟ್ಟ ಅಂಶ ಐದು: ಹೃದಯ ಮತ್ತು ಶ್ವಾಸಕೋಶದ ತಾಳಿಕೆ, ಸ್ನಾಯುವಿನ ಬಲ, ಸ್ನಾಯುವಿನ ತಾಳಿಕೆ, ಮೈ ಬಾಗುವ ಗುಣ, ಮೈಯಲ್ಲಿನ ಕೊಬ್ಬಿನ ಪ್ರಮಾಣ. ವೇಗ, ಚುರುಕು, ಸಮತೋಲನ, ತಟ್ಟನೆ ಪ್ರತಿಕ್ರಿಯಿಸುವ ಶಕ್ತಿ ಇವೆಲ್ಲ ಆಟದ ಕೌಶಲಕ್ಕೆ ಬೇಕಾದವು. ಬೇರೆ ಗುಂಪು.

ಐದರಲ್ಲಿ ಮೊದಲನೆಯದು ರಾಜ. ನಮ್ಮ ಮಾತಿನಲ್ಲಿ ಹೇಳಿದರೆ ದಮ್ಮು. ‘ಅವನಿಗೆ ದಮ್ಮಿಲ್ಲ, ಎರಡು ರೌಂಡಿಗೇ ಏದುಸಿರು’ ಅಂತಾರಲ್ಲ, ಅದೇ. ಓಡುವಾಗ ಮೈ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು ಇದರ ಅಳತೆ. ಒಂದು ಕೆಜಿ ತೂಕಕ್ಕೆ, ಒಂದು ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಬರೆಯುತ್ತಾರೆ. ಹುಡುಗರಲ್ಲಿ 42, ಹುಡುಗಿಯರಲ್ಲಿ 35ಕ್ಕಿಂತ ಕಡಿಮೆ ಇದ್ದರೆ ಮುಂದೆ ಹೃದಯ, ರಕ್ತನಾಳದ ತೊಂದರೆಗಳ ಸಾಧ್ಯತೆ ಜಾಸ್ತಿ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು 2016ರಲ್ಲಿ ಹೇಳಿದರು. ಇದು ಕಾಯಿಲೆಯ ಗೆರೆ ಅಲ್ಲ, ಎಚ್ಚರದ ಗೆರೆ.

ಸ್ನಾಯು ಬಲದ ಮಾತೂ ಸಣ್ಣದಲ್ಲ. ಸ್ವೀಡನ್‌ನಲ್ಲಿ ಸೈನ್ಯದ ತಪಾಸಣೆಗೆ ಬಂದ 16ರಿಂದ 19 ವರ್ಷದ ಹತ್ತು ಲಕ್ಷಕ್ಕೂ ಹೆಚ್ಚು ಹುಡುಗರ ಬಲವನ್ನು ಅಳೆದಿಟ್ಟಿದ್ದರು. ಸುಮಾರು 24 ವರ್ಷ ಕಳೆದ ಮೇಲೆ ನೋಡಿದರೆ, ಆಗ ಬಲ ಜಾಸ್ತಿ ಇದ್ದವರಲ್ಲಿ ಅಕಾಲ ಸಾವಿನ ಸಾಧ್ಯತೆ 20ರಿಂದ 35 ಪರ್ಸೆಂಟ್ ಕಡಿಮೆ ಇತ್ತು. ದಪ್ಪ ಇದ್ದರೋ ತೆಳ್ಳಗೆ ಇದ್ದರೋ ಎಂಬುದನ್ನು ಲೆಕ್ಕದಿಂದ ತೆಗೆದ ಮೇಲೂ ಇದೇ ಫಲಿತಾಂಶ. ಬಲವೇ ಕಾಪಾಡಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ 16ನೇ ವಯಸ್ಸಿನ ಒಂದು ಅಳತೆ 40ರ ಬಗ್ಗೆ ಏನೋ ಹೇಳುತ್ತದೆ ಎಂಬುದಂತೂ ಹೌದು. ಪ್ರೌಢಶಾಲೆಯಲ್ಲೇ ಅಳೆಯಬೇಕು ಎನ್ನುವವರ ಗಟ್ಟಿ ವಾದ ಇದು.

ಖೇಲೋ ಇಂಡಿಯಾದ ಆರು ಪರೀಕ್ಷೆಗಳು

ನಮ್ಮಲ್ಲಿ ನಾಲ್ಕನೇ ತರಗತಿಯಿಂದ ಹನ್ನೆರಡರವರೆಗೆ ಮಾಡುವ ಪರೀಕ್ಷೆಗಳು ಇವು. ಎತ್ತರ, ತೂಕ ಅಳೆದು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂಬ ಲೆಕ್ಕ. 50 ಮೀಟರ್ ಓಟ. 600 ಮೀಟರ್ ಓಟ ಅಥವಾ ನಡಿಗೆ. ಕಾಲು ಚಾಚಿ ಕೂತು ಮುಂದಕ್ಕೆ ಬಾಗುವುದು. ಅಂಗಾತ ಮಲಗಿ 30 ಸೆಕೆಂಡಿನಲ್ಲಿ ಎಷ್ಟು ಸಲ ಭುಜ ಎತ್ತುತ್ತೀರಿ ಎಂಬ ಎಣಿಕೆ. ಕೊನೆಗೆ ಪುಷ್ ಅಪ್. ಹುಡುಗಿಯರಿಗೆ ಮೊಣಕಾಲು ಊರಿ ಮಾಡುವ ಪುಷ್ ಅಪ್. ಚಿಕ್ಕ ಮಕ್ಕಳಿಗೆ ಬೇರೆಯವು ಇವೆ, ಅದು ಇಲ್ಲಿ ಬೇಡ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. 50 ಮೀಟರ್ ಓಟ ಇಲ್ಲಿ ಏನು ಮಾಡುತ್ತಿದೆ? ಅದು ವೇಗದ ಪರೀಕ್ಷೆ. ವೇಗ ಆಟದ ಕೌಶಲದ ಗುಂಪಿಗೆ ಸೇರಿದ್ದು ಎಂದು ಈಗಷ್ಟೇ ನೋಡಿದೆವು. ಉತ್ತರ ಆ್ಯಪ್‌ನ ಹುಟ್ಟಿನಲ್ಲೇ ಇದೆ. 2019ರ ಫೆಬ್ರವರಿ 27ರಂದು ಪ್ರಧಾನಿ ಬಿಡುಗಡೆ ಮಾಡಿದ ಆ್ಯಪ್‌ಗೆ ಎರಡು ಉದ್ದೇಶ ಇದ್ದವು. ಮಕ್ಕಳ ಫಿಟ್ನೆಸ್ ತಿಳಿಯುವುದು ಒಂದು. ಅವರಲ್ಲಿ ಮುಂದಿನ ಕ್ರೀಡಾಪಟು ಯಾರು ಎಂದು ಗುರುತಿಸುವುದು ಇನ್ನೊಂದು. ಅದೇ ವರ್ಷ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನದಂದು ಫಿಟ್ ಇಂಡಿಯಾ ಆಂದೋಲನ ಬಂತು. ಎರಡು ಎತ್ತು ಒಂದೇ ನೊಗ, ಎಳೆಯುವ ದಿಕ್ಕು ಮಾತ್ರ ಬೇರೆ.

ಒಂದೇ ಪರೀಕ್ಷೆ ಎರಡು ಕೆಲಸ ಮಾಡಿದರೆ ಖರ್ಚು ಉಳಿಯುತ್ತಲ್ವಾ ಎಂದು ಕೇಳಬಹುದು. ಉಳಿಯುತ್ತದೆ. ತೊಂದರೆ ಬರುವುದು ಫಲಿತಾಂಶ ಓದುವಾಗ. ಪ್ರತಿಭೆ ಹುಡುಕುವವರಿಗೆ ‘ಈ ಹುಡುಗ ಉಳಿದವರಿಗಿಂತ ಎಷ್ಟು ಮುಂದೆ’ ಎಂಬುದು ಬೇಕು. ಆರೋಗ್ಯ ನೋಡುವವರಿಗೆ ‘ಈ ಹುಡುಗ ಆರೋಗ್ಯದ ಗೆರೆಯ ಮೇಲಿದ್ದಾನೋ ಕೆಳಗೋ’ ಎಂಬುದು ಸಾಕು. ಇಡೀ ಕ್ಲಾಸೇ ಗೆರೆಯ ಕೆಳಗಿದ್ದರೆ, ಅದರಲ್ಲಿ ಮೊದಲು ಬಂದವನೂ ಕೆಳಗೇ. ಇಡೀ ಕ್ಲಾಸು ಗೆರೆಯ ಮೇಲಿದ್ದರೆ, ಕೊನೆಗೆ ಬಂದವಳಿಗೂ ಚಿಂತೆಯಿಲ್ಲ. ರ‍್ಯಾಂಕು ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ.

ಅಮೆರಿಕದ ಅರುವತ್ತು ವರ್ಷದ ಪಾಠ

ಈ ಗೊಂದಲದಲ್ಲಿ ಅತಿ ಹೆಚ್ಚು ಕಾಲ ಸುತ್ತಿದ ದೇಶ ಅಮೆರಿಕ. 1950ರ ದಶಕದಲ್ಲಿ ಹಾನ್ಸ್ ಕ್ರೌಸ್ ಎಂಬ ವೈದ್ಯರು ಆರು ಸರಳ ಚಲನೆಗಳ ಪರೀಕ್ಷೆ ಮಾಡಿಸಿದರು. ಮಂಡಿ ಬಗ್ಗಿಸದೆ ನೆಲ ಮುಟ್ಟುವುದು, ಮಲಗಿದಲ್ಲಿಂದ ಏಳುವುದು, ಹೀಗೆ. ಅರ್ಧಕ್ಕೂ ಹೆಚ್ಚು ಅಮೆರಿಕನ್ ಮಕ್ಕಳು ಒಂದಾದರೂ ಚಲನೆಯಲ್ಲಿ ಫೇಲಾದರು. ಯುರೋಪಿನ ಮಕ್ಕಳಲ್ಲಿ ಫೇಲಾದವರು ಹತ್ತರಲ್ಲಿ ಒಬ್ಬರೂ ಇಲ್ಲ. ಶೀತಲ ಸಮರದ ಕಾಲ ಅದು. ಮೆತ್ತಗಾದ ಮಕ್ಕಳಿಂದ ಸೈನ್ಯ ಕಟ್ಟುವುದು ಹೇಗೆ ಎಂಬ ಗಾಬರಿ ಹುಟ್ಟಿತು. 1956ರಲ್ಲಿ ಐಸೆನ್‌ಹೋವರ್ ಒಂದು ಮಂಡಳಿ ರಚಿಸಿದರು. 1966ರಲ್ಲಿ ಜಾನ್ಸನ್ ಕಾಲದಲ್ಲಿ ಅಧ್ಯಕ್ಷರ ಪ್ರಶಸ್ತಿ ಬಂತು. ಎಲ್ಲ ಪರೀಕ್ಷೆಯಲ್ಲೂ 100ರಲ್ಲಿ 85 ಮಕ್ಕಳಿಗಿಂತ ಮುಂದಿದ್ದರೆ ಮಾತ್ರ ಪ್ರಶಸ್ತಿ.

ತಮಾಷೆ ಏನೆಂದರೆ, ಗಾಬರಿ ಹುಟ್ಟಿಸಿದ ಕ್ರೌಸ್ ಪರೀಕ್ಷೆಯಲ್ಲಿ ಮಕ್ಕಳು ಹೆಚ್ಚಾಗಿ ಸೋತಿದ್ದು ಮೈ ಬಗ್ಗಿಸುವುದರಲ್ಲಿ. ದಮ್ಮಿನ ಪರೀಕ್ಷೆ ಅದರಲ್ಲಿ ಇರಲೇ ಇಲ್ಲ. 2012ರಲ್ಲಿ ಅಮೆರಿಕದ್ದೇ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಾಕ್ಷ್ಯಗಳನ್ನೆಲ್ಲ ಜಾಲಾಡಿ ನೋಡಿತು. ಮಕ್ಕಳಲ್ಲಿ ಮೈ ಬಾಗುವ ಗುಣಕ್ಕೂ ಆರೋಗ್ಯಕ್ಕೂ ನೇರ ನಂಟು ಸಾಬೀತಾಗಿಲ್ಲ, ಹಾಗಾಗಿ ರಾಷ್ಟ್ರೀಯ ಸಮೀಕ್ಷೆಗೆ ಅದು ಬೇಡ ಎಂದಿತು. ದಮ್ಮಿಗೆ ಶಟಲ್ ಓಟ (ಎರಡು ಗೆರೆಗಳ ನಡುವೆ ಹೋಗಿ ಬರುವ ಓಟ), ಬಲಕ್ಕೆ ಕೈಹಿಡಿತ ಮತ್ತು ನಿಂತಲ್ಲಿಂದ ಜಿಗಿತ, ಕೊಬ್ಬಿಗೆ ಬಿಎಂಐ, ಚರ್ಮದ ಮಡಿಕೆಯ ದಪ್ಪ ಮತ್ತು ಸೊಂಟದಳತೆ ಸಾಕು ಎಂದಿತು.

ಅದೇ ಹೊತ್ತಿನಲ್ಲಿ ಒಬಾಮ ಆಡಳಿತ ಪ್ರಶಸ್ತಿ ಪದ್ಧತಿ ಬಿಟ್ಟು ‘ಫಿಟ್ನೆಸ್‌ಗ್ರಾಂ’ ಎಂಬ ವಿಧಾನಕ್ಕೆ ಹೋಯಿತು. ಡಲ್ಲಾಸ್‌ನ ಕೂಪರ್ ಇನ್‌ಸ್ಟಿಟ್ಯೂಟ್ 1982ರಲ್ಲಿ ಶುರು ಮಾಡಿದ್ದು ಇದು. ಇಲ್ಲಿ ರ‍್ಯಾಂಕು ಇಲ್ಲ. ಆರೋಗ್ಯದ ವಲಯದ ಒಳಗಿದ್ದೀಯೋ ಹೊರಗಿದ್ದೀಯೋ, ಅಷ್ಟೇ. ಈಗ ಟ್ರಂಪ್ ಆದೇಶ ಹಳೆಯ ಹೆಸರನ್ನೂ ಅಧ್ಯಕ್ಷರ ಪ್ರಶಸ್ತಿಯನ್ನೂ ವಾಪಸ್ ತರುತ್ತಿದೆ. ಮಕ್ಕಳಿಗೆ ಗುರಿ ಬೇಕು, ಸ್ಪರ್ಧೆ ಬೇಕು ಎಂಬುದು ಬೆಂಬಲಿಗರ ಮಾತು. ಕಂಬಿ ಹಿಡಿದು ನೇತಾಡಿ ಎಲ್ಲರೆದುರು ನಗೆಪಾಟಲಾದ ಮಕ್ಕಳು ವ್ಯಾಯಾಮವನ್ನೇ ದ್ವೇಷಿಸಿದರು ಎಂಬುದು ವಿರೋಧಿಗಳ ಮಾತು. ಎರಡರಲ್ಲೂ ನಿಜ ಇದೆ. ಆದರೆ ಸ್ಪರ್ಧೆಯಿಂದ ಹುರುಪುಗೊಳ್ಳುವವರು ಯಾರು ಎಂದು ನೋಡಿ. ಗೆಲ್ಲುವ ಅವಕಾಶ ಇರುವವರು. ಅವರು ಹೇಗೂ ಓಡುತ್ತಿದ್ದರು.

ಒಂಬತ್ತನೇ ಕ್ಲಾಸು ಎಂಬ ವಿಚಿತ್ರ ಕಾಲ

ಪ್ರೌಢಶಾಲೆಯ ಮಕ್ಕಳನ್ನು ಅಳೆಯುವುದು ಬೇರೆ ಯಾರನ್ನು ಅಳೆಯುವುದಕ್ಕಿಂತಲೂ ಕಷ್ಟ. ಕಾರಣ, ಆ ಮೂರು ವರ್ಷದಲ್ಲಿ ಮೈ ದಿನಕ್ಕೊಂದು ತರ ಇರುತ್ತದೆ. ಹುಡುಗಿಯರು ಸರ‍್ರನೆ ಎತ್ತರ ಆಗುವುದು ಸುಮಾರು 12ಕ್ಕೆ, ಹುಡುಗರು ಸುಮಾರು 14ಕ್ಕೆ. ಇದು ಸರಾಸರಿ ಮಾತ್ರ. ಒಂದೇ ಬೆಂಚಿನಲ್ಲಿ ಕೂತ ಇಬ್ಬರು 14ರ ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಜನ್ಮದಿನ ಒಂದೇ ಇರಬಹುದು, ಮೈಯ ವಯಸ್ಸು ಬೇರೆ.

ಪುಷ್ ಅಪ್‌ನಲ್ಲಿ ಮೊದಲನೆಯವನು ಗೆಲ್ಲುತ್ತಾನೆ. ಅದು ಅವನ ಅಭ್ಯಾಸದ ಫಲವೋ, ಹಾರ್ಮೋನಿನ ಫಲವೋ ಎಂದು ಪಟ್ಟಿ ಹೇಳುವುದಿಲ್ಲ. ಎತ್ತರ ಬೆಳೆಯುವಾಗ ಕಾಲಿನ ಮೂಳೆ ಮೊದಲು ಉದ್ದ ಆಗುತ್ತದೆ, ಬೆನ್ನು ಆಮೇಲೆ. ಹಾಗಾಗಿ ಕಳೆದ ವರ್ಷ ಕಾಲ್ಬೆರಳು ಮುಟ್ಟುತ್ತಿದ್ದ ಹುಡುಗನಿಗೆ ಈ ವರ್ಷ ಆಗದೇ ಇರಬಹುದು. ಅವನು ಸೋಮಾರಿಯಾದ ಅಂತಲ್ಲ, ಕಾಲು ಉದ್ದ ಆಯಿತು ಅಷ್ಟೇ. ಹುಡುಗಿಯರಲ್ಲಿ ಈ ವಯಸ್ಸಿಗೆ ಕೊಬ್ಬಿನಂಶ ಏರುವುದು ಸಹಜ ಬೆಳವಣಿಗೆ. ಅದನ್ನು ತಪ್ಪು ಎಂದು ಗುರುತು ಹಾಕಿದರೆ ಮಗು ಊಟ ಬಿಡಲು ಶುರು ಮಾಡಬಹುದು.

ಇನ್ನೊಂದು ಸಂಗತಿ. ಒಂದೇ ತರಬೇತಿ ಕೊಟ್ಟರೂ ಎಲ್ಲರ ದಮ್ಮು ಒಂದೇ ಸಮ ಬೆಳೆಯುವುದಿಲ್ಲ. ಆ ವ್ಯತ್ಯಾಸದಲ್ಲಿ ಅರ್ಧದಷ್ಟು ವಂಶದಿಂದ ಬಂದದ್ದು ಎಂದು ಅಮೆರಿಕದ ‘ಹೆರಿಟೇಜ್’ ಅಧ್ಯಯನ ಲೆಕ್ಕ ಹಾಕಿದೆ. ಹಾಗಿದ್ದಾಗ ಮಗುವನ್ನು ಪಕ್ಕದವನ ಜೊತೆ ಹೋಲಿಸುವುದಕ್ಕಿಂತ ಕಳೆದ ವರ್ಷದ ತನ್ನದೇ ಅಂಕಿಯ ಜೊತೆ ಹೋಲಿಸುವುದು ಸರಿ. ವರ್ಷಕ್ಕೆರಡು ಸಲ, ಒಂದೇ ಮೈದಾನದಲ್ಲಿ, ಒಂದೇ ಹೊತ್ತಿನಲ್ಲಿ ಮಾಡಿದರೆ ಆ ಹೋಲಿಕೆಗೆ ಅರ್ಥ ಬರುತ್ತದೆ. ಜುಲೈ ಮಳೆಯ ಮಡಿಕೇರಿಯ ಹುಲ್ಲಿನ ಮೇಲೆ ಓಡಿದ್ದಕ್ಕೂ ಮಾರ್ಚ್ ಬಿಸಿಲಿನ ಕಲಬುರಗಿಯಲ್ಲಿ ಓಡಿದ್ದಕ್ಕೂ ಹೋಲಿಕೆ ಮಾಡಿ ಜಿಲ್ಲಾವಾರು ರ‍್ಯಾಂಕ್ ಕೊಟ್ಟರೆ ಅದು ಸುಮ್ನೆ ಕಾಗದ ಖರ್ಚು.

ಬಿಎಂಐ ತೋರಿಸದ ಎರಡು ವಿಷಯ

ಎಲ್ಲಕ್ಕಿಂತ ಸುಲಭ ಪರೀಕ್ಷೆ ಬಿಎಂಐ. ತೂಕದ ಯಂತ್ರ, ಟೇಪು ಇದ್ದರೆ ಸಾಕು. ಅದಕ್ಕೇ ಎಲ್ಲ ಕಡೆ ಅದೇ ಮೊದಲು. ಎಲ್ಲಕ್ಕಿಂತ ಜಾಸ್ತಿ ತಪ್ಪು ಅರ್ಥ ಹುಟ್ಟಿಸುವುದೂ ಅದೇ.

ಮೊದಲನೆಯದು, ನಮ್ಮ ಮೈಯ ಗುಣ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ದಶಕಗಳಿಂದ ಹೇಳುತ್ತಾ ಬಂದಿರುವ ಮಾತಿದೆ. ಭಾರತದ ಕೂಸು ತೆಳ್ಳಗೆ ಕಾಣುತ್ತದೆ, ಆದರೆ ಒಳಗೆ ಕೊಬ್ಬಿನಂಶ ಜಾಸ್ತಿ, ಸ್ನಾಯು ಕಡಿಮೆ. ಅಂದರೆ ಬಿಎಂಐ ನಾರ್ಮಲ್ ಇದ್ದರೂ ಅಪಾಯ ಇರಬಹುದು. ಅದಕ್ಕೇ ಭಾರತೀಯ ಮಕ್ಕಳ ತಜ್ಞರ ಸಂಘ 2015ರ ತನ್ನ ಬೆಳವಣಿಗೆ ಪಟ್ಟಿಯಲ್ಲಿ ತೂಕ ಜಾಸ್ತಿ, ಬೊಜ್ಜು ಎನ್ನಲು ವಿದೇಶಿ ಬಿಎಂಐ 25, 30ರ ಬದಲು ವಯಸ್ಕರ 23 ಮತ್ತು 27ಕ್ಕೆ ಸರಿಹೊಂದುವ ಗೆರೆಗಳನ್ನು ಎಳೆದಿತು. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ 24 ಪರ್ಸೆಂಟ್ ತೀರಾ ತೆಳ್ಳಗಿದ್ದರು, 5 ಪರ್ಸೆಂಟ್ ಮಾತ್ರ ತೂಕ ಜಾಸ್ತಿ ಇದ್ದವರು. ಆದರೂ ಹತ್ತರಲ್ಲಿ ಒಬ್ಬರ ಸಕ್ಕರೆ ಪ್ರಮಾಣ ಮಧುಮೇಹದ ಹೊಸ್ತಿಲಲ್ಲಿತ್ತು. ದಪ್ಪ ಇದ್ದವರನ್ನಷ್ಟೇ ಹುಡುಕಿದರೆ ಇವರಲ್ಲಿ ಎಷ್ಟೋ ಜನ ತಪ್ಪಿಹೋಗುತ್ತಾರೆ.

ಎರಡನೆಯದು ರಕ್ತಹೀನತೆ. ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಅತಿ ಕಡಿಮೆ ಮಾತಾಡುವುದು ಇದರ ಬಗ್ಗೆ. ಅದೇ ಸಮೀಕ್ಷೆಯಲ್ಲಿ ಆ ವಯಸ್ಸಿನ 40 ಪರ್ಸೆಂಟ್ ಹುಡುಗಿಯರಿಗೆ, 18 ಪರ್ಸೆಂಟ್ ಹುಡುಗರಿಗೆ ರಕ್ತಹೀನತೆ ಇತ್ತು. ಆಮ್ಲಜನಕ ಹೊರುವುದು ರಕ್ತದ ಹಿಮೋಗ್ಲೋಬಿನ್. ಅದೇ ಕಡಿಮೆ ಇದ್ದರೆ ಹೃದಯ ಎಷ್ಟೇ ಚೆನ್ನಾಗಿ ಬಡಿದರೂ ಸ್ನಾಯುವಿಗೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಏದುಸಿರು ಬೇಗ ಬರುತ್ತದೆ. ಆ ಹುಡುಗಿ 600 ಮೀಟರಿನಲ್ಲಿ ಅರ್ಧಕ್ಕೇ ನಡೆಯಲು ಶುರು ಮಾಡುತ್ತಾಳೆ. ವಹಿಯಲ್ಲಿ ಅವಳ ಹೆಸರಿನ ಮುಂದೆ ‘ಕಡಿಮೆ’ ಎಂದು ಬೀಳುತ್ತದೆ. ‘ಇನ್ನೂ ಓಡು’ ಎನ್ನುತ್ತಾರೆ. ಅವಳಿಗೆ ಬೇಕಾಗಿದ್ದು ಮೊದಲು ಕಬ್ಬಿಣಾಂಶ, ಆಮೇಲೆ ಓಟ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ಇದೇ ಕೆಲಸಕ್ಕೆ ಇರುವುದು. ಅದನ್ನು ನುಂಗದೆ ಕಿಟಕಿಯಿಂದ ಎಸೆಯುವ ಮಕ್ಕಳು ಎಷ್ಟೋ ಇದ್ದಾರೆ, ಅದು ಬೇರೆ ಕಥೆ.

ಅಳೆಯಲೇಬೇಕೆ?

ಬೇಡ ಎನ್ನುವವರ ಕೈಯಲ್ಲೂ ಪುರಾವೆ ಇದೆ. ಕ್ಯಾಲಿಫೋರ್ನಿಯಾದ 79 ಶಾಲೆಗಳ ಸುಮಾರು 29 ಸಾವಿರ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮಗುವಿನ ಬಿಎಂಐ ವರದಿ ಮನೆಗೆ ಕಳಿಸಿದರೆ ತೂಕ ಸರಿಹೋಗುತ್ತದಾ ಎಂಬುದು ಪ್ರಶ್ನೆ. ಸರಿಹೋಗಲಿಲ್ಲ. ಶಾಲೆಯಲ್ಲಿ ತೂಕ ಮಾಡಿಸಿಕೊಂಡ ಮಕ್ಕಳಿಗೆ ತಮ್ಮ ಮೈ ಬಗ್ಗೆ ಬೇಸರ ಮಾತ್ರ ಜಾಸ್ತಿಯಾಯಿತು. ಆ ರಾಜ್ಯದಲ್ಲಿ 5, 7, 9ನೇ ತರಗತಿಯವರಿಗೆ ಫಿಟ್ನೆಸ್ ಪರೀಕ್ಷೆ ಇನ್ನೂ ಇದೆ. ಆದರೆ ಬಿಎಂಐ ಕೈಬಿಟ್ಟಿದ್ದಾರೆ. ಎಷ್ಟು ಮಕ್ಕಳು ಭಾಗವಹಿಸಿದರು ಎಂಬುದನ್ನಷ್ಟೇ ವರದಿ ಮಾಡುತ್ತಾರೆ.

ಬೇಕು ಎನ್ನುವವರು ಸ್ಲೊವೇನಿಯಾವನ್ನು ತೋರಿಸುತ್ತಾರೆ. ಜನಸಂಖ್ಯೆ ಸುಮಾರು 21 ಲಕ್ಷ, ನಮ್ಮ ಒಂದು ಜಿಲ್ಲೆಯಷ್ಟು. 1987ರಿಂದ ಪ್ರತಿ ಏಪ್ರಿಲ್‌ನಲ್ಲಿ ಇಡೀ ದೇಶದ ಶಾಲಾ ಮಕ್ಕಳ ಫಿಟ್ನೆಸ್ ಅಳೆಯುತ್ತಾರೆ, ಪಾಲಕರ ಲಿಖಿತ ಒಪ್ಪಿಗೆ ಪಡೆದು. ಈ ಅಂಕಿಗಳು ಇದ್ದುದರಿಂದಲೇ 2010ರ ಹೊತ್ತಿಗೆ ಎಚ್ಚರ ಸಿಕ್ಕಿತು. ಶಾಲೆಗಳಲ್ಲಿ ವಾರಕ್ಕೆ ಹೆಚ್ಚುವರಿ ಆಟದ ಅವಧಿ ಕೊಡುವ ಯೋಜನೆ ಬಂತು. ಮಕ್ಕಳ ಬೊಜ್ಜು ಇಳಿಯತೊಡಗಿತು. 2020ರ ಲಾಕ್‌ಡೌನ್ ಮಕ್ಕಳ ಮೈಗೆ ಏನು ಮಾಡಿತು ಎಂದು ಬೇರೆ ದೇಶಗಳು ಊಹಿಸುತ್ತಿದ್ದಾಗ ಸ್ಲೊವೇನಿಯಾದವರ ಕೈಯಲ್ಲಿ ಲೆಕ್ಕ ಇತ್ತು. ದಶಕಗಳಲ್ಲೇ ಕಾಣದ ಕುಸಿತ ಅದು.

ಎರಡೂ ಉದಾಹರಣೆಯನ್ನು ಪಕ್ಕಪಕ್ಕ ಇಡಿ. ಕ್ಯಾಲಿಫೋರ್ನಿಯಾದಲ್ಲಿ ಅಂಕಿ ಮನೆಗೆ ಹೋಯಿತು, ಅಲ್ಲೇ ನಿಂತಿತು. ಸ್ಲೊವೇನಿಯಾದಲ್ಲಿ ಅಂಕಿ ಟೈಮ್‌ಟೇಬಲ್ ಬದಲಿಸಿತು. ಅಳತೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಇಲ್ಲಿ ಅಷ್ಟು ಮುಖ್ಯವಲ್ಲ. ಅಳೆದ ಮೇಲೆ ಯಾರು ಏನು ಮಾಡಬೇಕು ಎಂದು ಮೊದಲೇ ಬರೆದಿಟ್ಟಿದ್ದಾರಾ, ಅದು ಮುಖ್ಯ.

ಅಂಕ ಕೊಟ್ಟರೆ?

‘ಮಾರ್ಕ್ಸ್ ಇಲ್ಲದಿದ್ದರೆ ನಮ್ಮಲ್ಲಿ ಯಾರೂ ತಲೆಕೆಡಿಸಿಕೊಳ್ಳಲ್ಲ’ ಎನ್ನುವವರಿದ್ದಾರೆ. ಸಿಬಿಎಸ್‌ಇ 2018ರಲ್ಲಿ 9ರಿಂದ 12ರವರೆಗೆ ದಿನಕ್ಕೊಂದು ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಪಿರಿಯಡ್ ಕಡ್ಡಾಯ ಮಾಡಿತು. ಬೋರ್ಡ್ ಪರೀಕ್ಷೆ ಹತ್ತಿರ ಬಂದಂತೆ ಆ ಪಿರಿಯಡ್ ಗಣಿತಕ್ಕೆ ಹೋಗುವುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಚೀನಾ ಅಂಕದ ದಾರಿ ಹಿಡಿಯಿತು. ಅಲ್ಲಿ ಹಿರಿಯ ಪ್ರೌಢಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ದೈಹಿಕ ಶಿಕ್ಷಣಕ್ಕೂ ಅಂಕ ಇದೆ. ಯುನ್ನಾನ್ ಪ್ರಾಂತ್ಯ ಅದನ್ನು 100ಕ್ಕೆ ಏರಿಸಿ ಭಾಷೆ, ಗಣಿತದ ಸಾಲಿಗೆ ತಂದಿತು. ಮಕ್ಕಳು ಮೈದಾನಕ್ಕೆ ಇಳಿದರು, ನಿಜ. ಜೊತೆಗೆ ಹಗ್ಗದಾಟಕ್ಕೂ ಓಟಕ್ಕೂ ಟ್ಯೂಷನ್ ಶುರುವಾಯಿತು. ಪರೀಕ್ಷೆಯಲ್ಲಿ ಇರುವ ನಾಲ್ಕು ಐಟಂಗಳನ್ನೇ ಉರು ಹೊಡೆದಂತೆ ಅಭ್ಯಾಸ ಮಾಡಿಸುವುದು ಬಂತು. ಟ್ಯೂಷನ್ ವಿಷಯದಲ್ಲಿ ನಾವು ಚೀನಾಕ್ಕಿಂತ ಹಿಂದಿಲ್ಲ. ಇಲ್ಲಿ ಅಂಕ ಕೊಟ್ಟರೆ ಏನಾಗುತ್ತದೆ ಎಂದು ಊಹಿಸಲು ಕಷ್ಟವಿಲ್ಲ. ಮೊದಲು ಪೆಟ್ಟು ತಿನ್ನುವವರು ನಿಧಾನವಾಗಿ ಬೆಳೆಯುವ ಮಕ್ಕಳು ಮತ್ತು ಅಂಗವೈಕಲ್ಯ ಇರುವ ಮಕ್ಕಳು.

ಮೈದಾನ, ಮೇಷ್ಟ್ರು, ನಲವತ್ತು ನಿಮಿಷ

ಈಗ ನೆಲಕ್ಕೆ ಇಳಿಯೋಣ. ಒಂದು ತರಗತಿಯಲ್ಲಿ 60 ಮಕ್ಕಳು ಎಂದುಕೊಳ್ಳಿ. ಎತ್ತರ, ತೂಕಕ್ಕೆ ಒಬ್ಬರಿಗೆ ಒಂದೂವರೆ ನಿಮಿಷ ಹಿಡಿದರೂ 90 ನಿಮಿಷ. ಅಲ್ಲಿಗೆ ಎರಡು ಪಿರಿಯಡ್ ಮುಗಿಯಿತು. ಇನ್ನೂ ಐದು ಪರೀಕ್ಷೆ ಬಾಕಿ. ಆಮೇಲೆ ಎಲ್ಲವನ್ನೂ ಆ್ಯಪ್‌ಗೆ ತುಂಬಬೇಕು. ಇಡೀ ಹೈಸ್ಕೂಲಿಗೆ ಒಬ್ಬರೇ ಪಿಟಿ ಮೇಷ್ಟ್ರು ಇರುವ ಕಡೆ, ಅವರೂ ಇಲ್ಲದೆ ಸಮಾಜ ವಿಜ್ಞಾನದ ಮೇಷ್ಟ್ರೇ ಸೀಟಿ ಹಿಡಿದಿರುವ ಕಡೆ, ಅಂದಾಜಿನ ಅಂಕಿ ಆ್ಯಪ್‌ಗೆ ಹೋದರೆ ಆಶ್ಚರ್ಯವಿಲ್ಲ. ತಮ್ಮನ್ನು ಇತರ ವಿಷಯ ಶಿಕ್ಷಕರಂತೆಯೇ ನೋಡಿ, ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿ ಮಾಡಿ ಎಂಬ ದೈಹಿಕ ಶಿಕ್ಷಕರ ಹಳೆಯ ಬೇಡಿಕೆಯನ್ನು ಈ ಬೆಳಕಿನಲ್ಲಿ ನೋಡಬೇಕು.

600 ಮೀಟರ್ ಓಡಿಸಲು ಜಾಗ ಬೇಕು. ಬೆಂಗಳೂರಿನ ಎಷ್ಟೋ ಖಾಸಗಿ ಶಾಲೆಗಳ ಮೈದಾನ ಎಂದರೆ ಬಸ್ ನಿಲ್ಲಿಸುವ ಜಾಗ. ಅದಕ್ಕಿಂತ 20 ಮೀಟರ್ ಶಟಲ್ ಓಟ ವಾಸಿ ಎಂಬುದು ನನ್ನ ಅಭಿಪ್ರಾಯ. 1980ರ ದಶಕದಲ್ಲಿ ಕೆನಡಾದ ಲೂಕ್ ಲೆಜೆ ರೂಪಿಸಿದ್ದು ಇದು. ಕ್ರಿಕೆಟ್ ತಂಡದ ಯೋ-ಯೋ ಟೆಸ್ಟ್‌ಗೆ ಅಣ್ಣನಂಥದ್ದು. 20 ಮೀಟರ್ ದೂರಕ್ಕೆ ಎರಡು ಸುಣ್ಣದ ಗೆರೆ, ಮೊಬೈಲಿನಲ್ಲಿ ಬೀಪ್ ಸದ್ದು. ಗಂಟೆಗೆ 8.5 ಕಿಲೋಮೀಟರ್ ವೇಗದಿಂದ ಶುರು, ಪ್ರತಿ ನಿಮಿಷಕ್ಕೂ ಅರ್ಧ ಕಿಲೋಮೀಟರ್ ಜಾಸ್ತಿ. ಬೀಪ್‌ಗೆ ಸರಿಯಾಗಿ ಗೆರೆ ಮುಟ್ಟಲಾಗದೆ ಹೋದರೆ ನಿಲ್ಲುವುದು. 600 ಮೀಟರಿನಲ್ಲಿ ಮಕ್ಕಳು ಮೊದಲ ನೂರು ಮೀಟರ್ ಶಕ್ತಿಯೆಲ್ಲ ಹಾಕಿ ಓಡಿ ಆಮೇಲೆ ಕುಸಿಯುತ್ತಾರೆ. ಇಲ್ಲಿ ವೇಗವನ್ನು ಸದ್ದೇ ಹಿಡಿದಿಡುತ್ತದೆ. ಹದಿನೈದು ಮಕ್ಕಳು ಒಟ್ಟಿಗೆ ಓಡಬಹುದು. ಒಂದು ಕೊರತೆ ಇದೆ. ಮೊದಲು ನಿಲ್ಲುವವರು ಎಲ್ಲರಿಗೂ ಕಾಣುತ್ತಾರೆ. ಹಾಗಾಗಿ ಗುಂಪು ಸಣ್ಣದಿರಬೇಕು, ಹುಡುಗಿಯರಿಗೆ ಬೇರೆ ಗುಂಪು ಇದ್ದರೆ ಒಳ್ಳೆಯದು. ಎಂಟನೇ ಕ್ಲಾಸಿಗೆ ಬರುತ್ತಿದ್ದಂತೆ ಆಟ ಬಿಡುವ ಹುಡುಗಿಯರು ಹೆಚ್ಚು. ಚೂಡಿದಾರದ ವೇಲ್ ಸರಿಪಡಿಸಿಕೊಳ್ಳುತ್ತಾ ಓಡಿದ ಓಟ ದಮ್ಮಿನ ಅಳತೆ ಆಗಲಾರದು.

ಯಾವ ಓಟವೇ ಆಗಲಿ, ಅದಕ್ಕೂ ಮುಂಚೆ ಮೂರು ಪ್ರಶ್ನೆ ಕೇಳುವುದಕ್ಕೆ ಯಂತ್ರ ಬೇಡ. ಓಡುವಾಗ ಯಾವತ್ತಾದರೂ ತಲೆಸುತ್ತಿ ಬಿದ್ದಿದ್ದೀಯಾ? ಎದೆ ನೋವು ಬಂದಿದೆಯಾ? ಮನೆಯಲ್ಲಿ ಯಾರಾದರೂ 50ಕ್ಕೆ ಮುಂಚೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ? ಒಂದಕ್ಕಾದರೂ ‘ಹೌದು’ ಬಂದರೆ ಓಟ ಬೇಡ, ಮೊದಲು ಡಾಕ್ಟರ ಹತ್ತಿರ ಹೋಗಲಿ. ಹಾಸನದ ಭಯಕ್ಕೂ ಶಾಲೆಯ ಫಿಟ್ನೆಸ್ ಪರೀಕ್ಷೆಗೂ ಇರುವ ನಿಜವಾದ ಕೊಂಡಿ ಇಷ್ಟೇ.

ಅಂಕಿ ಎಲ್ಲಿಗೆ ಹೋಗುತ್ತದೆ?

2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ಮಗುವಿನ ತೂಕವೂ ವೈಯಕ್ತಿಕ ಮಾಹಿತಿಯೇ. ಹಾಗಾಗಿ ಪಾಲಕರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ. ತೂಕ ಮಾಡುವುದು ಪರದೆಯ ಹಿಂದೆಯೋ, ಕ್ಲಾಸಿನೆದುರೋ? ಮಗುವಿನ ಅಂಕಿ ನೋಟೀಸ್ ಬೋರ್ಡಿಗೆ ಹೋಗುತ್ತದಾ? ಕಡಿಮೆ ಬಂದವರಿಗೆ ಶಾಲೆ ಏನು ಮಾಡುತ್ತದೆ?

ಮೂರನೆಯ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಕಾರಣ, ವ್ಯವಸ್ಥೆ ಹಾಗೆ ಹೆಣೆದಿಲ್ಲ. ಫಿಟ್ನೆಸ್ ಅಂಕಿ ಕ್ರೀಡಾ ಇಲಾಖೆಯ ಆ್ಯಪ್‌ಗೆ ಹೋಗುತ್ತದೆ. ನೀಲಿ ಮಾತ್ರೆಯ ಲೆಕ್ಕ ಆರೋಗ್ಯ ಇಲಾಖೆಯದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡವೂ ಶಾಲೆಗೆ ಬಂದು ಮಕ್ಕಳನ್ನು ನೋಡಿ ತನ್ನದೇ ಕಾರ್ಡು ತುಂಬುತ್ತದೆ. 600 ಮೀಟರಿನಲ್ಲಿ ಅರ್ಧಕ್ಕೇ ನಿಂತ ಆ ಹುಡುಗಿಯ ಹೆಸರು ಮೂರೂ ಕಡೆ ಇರುತ್ತದೆ. ಪಿಟಿ ಮೇಷ್ಟ್ರು ಆ ತಂಡ ಬಂದ ದಿನ ಅವಳ ಹೆಸರಿನ ಚೀಟಿಯೊಂದನ್ನು ಡಾಕ್ಟರ ಕೈಗೆ ಕೊಟ್ಟರೆ ಹಿಮೋಗ್ಲೋಬಿನ್ ಪರೀಕ್ಷೆ ಆಗುತ್ತದೆ, ಮಾತ್ರೆ ಸಿಗುತ್ತದೆ, ಮೂರು ತಿಂಗಳ ನಂತರ ಅದೇ ಮೈದಾನದಲ್ಲಿ ಅವಳನ್ನು ಇನ್ನೊಮ್ಮೆ ಓಡಿಸಿ ನೋಡಬಹುದು. ಆ ಚೀಟಿಗೆ ಸದ್ಯ ಯಾವ ಆ್ಯಪ್‌ನಲ್ಲೂ ಜಾಗ ಇಲ್ಲ.